ಕಲೆಕ್ಟರ್ ಮಂಗಳೂರಲ್ಲಿ, ಸರ್ಕಾರ ಮದ್ರಾಸಲ್ಲಿ: ನಮ್ಮ ಜಿಲ್ಲೆ ಹಂಚಿಹೋದ ಕಥೆ

1/4
1952ರಲ್ಲಿ ಸ್ವತಂತ್ರ ಭಾರತದ ಮೊದಲ ಚುನಾವಣೆ ಆಯ್ತಲ್ಲ, ಆಗ ನಮ್ಮ ಪಾಣೆಮಂಗಳೂರು ಒಂದು ವಿಧಾನಸಭಾ ಕ್ಷೇತ್ರ. ಗೆದ್ದವರು ಹೋಗಿ ಕೂತದ್ದು ಎಲ್ಲಿ ಗೊತ್ತುಂಟಾ? ಬೆಂಗಳೂರಲ್ಲಿ ಅಲ್ಲ ಮಾರಾಯ್ರೆ, ಮದ್ರಾಸಲ್ಲಿ! ಅದೇ ವರ್ಷ ನೀವು ಬೆಳ್ತಂಗಡಿಯಿಂದ ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರದಲ್ಲಿ ಇಳಿದಿದ್ರೆ ಬೇರೆ ರಾಜ್ಯಕ್ಕೆ ಕಾಲಿಟ್ಟ ಹಾಗೆ. ಮೇಲೆ ಮೈಸೂರು, ಕೆಳಗೆ ನಾವು ಮದ್ರಾಸಿನವರು.

ಇದು ಹೇಗಾಯ್ತು ಅಂದ್ರೆ, 1799ರಲ್ಲಿ ಟಿಪ್ಪು ಸತ್ತ ಮೇಲೆ ಕರಾವಳಿಯನ್ನು ಈಸ್ಟ್ ಇಂಡಿಯಾ ಕಂಪೆನಿ ತಗೊಂಡಿತು. ಕಾರವಾರದಿಂದ ಕಾಸರಗೋಡಿನವರೆಗೆ ಇಡೀ ಪಟ್ಟಿಗೆ ‘ಕೆನರಾ’ ಅಂತ ಒಂದೇ ಜಿಲ್ಲೆ. ಮೊದಲ ಕಲೆಕ್ಟರ್ ಥಾಮಸ್ ಮನ್ರೋ. ಆದ್ರೆ ಪುತ್ತೂರು, ಅಮರ ಸುಳ್ಯ ಕಡೆಯ ಕೆಲವು ಮಾಗಣೆಗಳು ಕೊಡಗಿನ ರಾಜನ ಕೈಯಲ್ಲಿದ್ದವು. 1834ರಲ್ಲಿ ಕಂಪೆನಿ ಕೊಡಗನ್ನೇ ನುಂಗಿತು, ಈ ಮಾಗಣೆಗಳನ್ನು ಕೆನರಾಕ್ಕೆ ಸೇರಿಸಿತು. ಮ್ಯಾಪ್ ನೋಡಿದ್ರೆ ಸಣ್ಣ ಬದಲಾವಣೆ, ಒಂದು ಗೆರೆ ಸ್ವಲ್ಪ ಆಚೆ ಹೋಯ್ತು ಅಷ್ಟೆ. ರೈತನಿಗೆ ಹಾಗಲ್ಲ. ಮೊದಲು ತೆರಿಗೆಯನ್ನು ಬೆಳೆಯ ರೂಪದಲ್ಲಿ ಕೊಡ್ತಿದ್ದವನು ಈಗ ನಗದೇ ಕೊಡಬೇಕು. ಭತ್ತ ಇದ್ದವನ ಹತ್ತಿರ ದುಡ್ಡು ಇರ್ಬೇಕು ಅಂತ ಏನಿಲ್ಲ ಅಲ್ವಾ? ಸಾಲ, ಅಗ್ಗದ ಮಾರಾಟ, ಸಿಟ್ಟು.

ಮೂರೇ ವರ್ಷದಲ್ಲಿ, 1837ರಲ್ಲಿ, ಆ ಸಿಟ್ಟು ದಂಡಾಗಿ ಸುಳ್ಯದಿಂದ ಹೊರಟು ಬೆಳ್ಳಾರೆ, ಪುತ್ತೂರು, ಬಂಟ್ವಾಳ ದಾಟಿ ಮಂಗಳೂರಿಗೆ ಬಂತು. ಏಪ್ರಿಲ್ 5ಕ್ಕೆ ಮಂಗಳೂರು ಅವರ ಕೈಯಲ್ಲಿ! ಸುಮಾರು ಎರಡು ವಾರ ಕಂಪೆನಿಯ ಆಡಳಿತವೇ ಇರಲಿಲ್ಲ. ಕಂಪೆನಿ ಇದನ್ನು ದರೋಡೆ ಅಂತ ಕಂಡಿತು, ಜನ ಕಲ್ಯಾಣಪ್ಪನ ಕಾಟಕಾಯಿ ಅಂದ್ರು. ಬಾವುಟಗುಡ್ಡೆಯಲ್ಲಿ ನೀವು ಸೆಲ್ಫಿ ತೆಗೆಯುವ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಇದೇ ಹೋರಾಟದ್ದು. ಇದಕ್ಕೆ ಬೇರೆ ಕಾರಣಗಳೂ ಇದ್ದವು, ಕೊಡಗಿನ ರಾಜಮನೆತನದ ಹೆಸರೂ ಸೇರಿತ್ತು. ಆದ್ರೆ ಕಾಮರ್ಸ್ ಓದುವವಳಾಗಿ ನನಗೆ ಮೊದಲು ಕಾಣುವುದು ಆ ನಗದು ತೆರಿಗೆಯೇ.

2/4
ಇದು ಚಿಕ್ಕ ಭಾಗ, ಬೇಗ ಹೇಳ್ತೇನೆ.

ಉತ್ತರ ಕನ್ನಡ, ದಕ್ಷಿಣ ಕನ್ನಡ ಬೇರೆ ಆದದ್ದು ಯಾಕೆ? ಭಾಷೆಯೂ ಅಲ್ಲ, ಜನರ ಬೇಡಿಕೆಯೂ ಅಲ್ಲ. ಹತ್ತಿ! ಧಾರವಾಡದ ಹತ್ತಿ ಇಂಗ್ಲೆಂಡಿನ ಮಿಲ್ಲುಗಳಿಗೆ ಬೇಕಿತ್ತು. ಧಾರವಾಡ ಇದ್ದದ್ದು ಬಾಂಬೆ ಪ್ರೆಸಿಡೆನ್ಸಿಯಲ್ಲಿ, ಹತ್ತಿರದ ಬಂದರು ಕಾರವಾರ ಮದ್ರಾಸಿನಲ್ಲಿ. ರಸ್ತೆ ಒಬ್ಬರದ್ದು, ಬಂದರು ಇನ್ನೊಬ್ಬರದ್ದು ಆದ್ರೆ ವ್ಯಾಪಾರ ಹೇಗೆ? ವ್ಯಾಪಾರಿಗಳು ಒತ್ತಾಯ ಮಾಡಿದ್ರು, 1862ರಲ್ಲಿ ಉತ್ತರದ ಭಾಗ ಬಾಂಬೆಗೆ ಹೋಯ್ತು. ಕುಂದಾಪುರ ಮಾತ್ರ ನಮ್ಮ ಜೊತೆ ಉಳಿಯಿತು. ನಾವು ‘ಸೌತ್ ಕೆನರಾ’ ಆದೆವು. 1906ರಲ್ಲಿ ಮಂಗಳೂರಲ್ಲಿ ಹುಟ್ಟಿದ ಕೆನರಾ ಬ್ಯಾಂಕಿನ ಬೋರ್ಡಲ್ಲಿ ಆ ಹಳೇ ಜಿಲ್ಲೆಯ ಹೆಸರು ಈಗಲೂ ಉಂಟು. ಜಿಲ್ಲೆ ಇಲ್ಲ, ಪಾಸ್‌ಬುಕ್ ಇದೆ.

3/4
ಈಗ 1956. ಇದಕ್ಕೆ ಸ್ವಲ್ಪ ಸಮಯ ಕೊಡಿ.

ಭಾಷೆಯ ಆಧಾರದಲ್ಲಿ ರಾಜ್ಯಗಳನ್ನು ಮಾಡುವುದಕ್ಕೆ 1953ರ ಕೊನೆಯಲ್ಲಿ ಫಜಲ್ ಅಲಿ ಆಯೋಗ ಬಂತು. 1955ರಲ್ಲಿ ವರದಿ ಕೊಟ್ಟಿತು: ದಕ್ಷಿಣ ಕನ್ನಡ ಕನ್ನಡ ರಾಜ್ಯಕ್ಕೆ, ಆದ್ರೆ ಕಾಸರಗೋಡು ತಾಲೂಕು ಕೇರಳಕ್ಕೆ. ಚಂದ್ರಗಿರಿ ಹೊಳೆಯ ಉತ್ತರ ಭಾಗವಾದ್ರೂ ನಮಗೆ ಇರಲಿ ಅಂತ ಕನ್ನಡದವರು ಕೇಳಿದ್ರು, ಸಿಗಲಿಲ್ಲ. 1956ರ ನವೆಂಬರ್ 1ಕ್ಕೆ ನಾವು ಕನ್ನಡ ರಾಜ್ಯ ಅಂತ ಹಬ್ಬ ಮಾಡುವಾಗ ಮಂಜೇಶ್ವರ, ಬದಿಯಡ್ಕ, ಪೆರ್ಲದವರು ಅದೇ ಬೆಳಿಗ್ಗೆ ಕೇರಳದಲ್ಲಿ ಎದ್ದರು. ರಾಜ್ಯೋತ್ಸವದ ಸ್ಟೇಟಸ್ ಹಾಕುವಾಗ ಇದನ್ನೂ ಒಮ್ಮೆ ನೆನಪು ಮಾಡ್ಕೊಳ್ಳಿ.

ಮಂಜೇಶ್ವರ ಗೋವಿಂದ ಪೈಗಳನ್ನೇ ನೋಡಿ. ಅವರಿಗೆ ರಾಷ್ಟ್ರಕವಿ ಅಂತ ಬಿರುದು ಕೊಟ್ಟದ್ದು 1949ರಲ್ಲಿ, ಮದ್ರಾಸ್ ಸರ್ಕಾರ. 1963ರಲ್ಲಿ ತೀರಿಕೊಳ್ಳುವಾಗ ಅವರ ಊರು ಕೇರಳದಲ್ಲಿ. ಕವಿ ಕನ್ನಡದವರು, ಆದ್ರೆ ಅವರ ಊರಿಗೆ ಆದೇಶ ಬರುತ್ತಿದ್ದದ್ದು ಒಮ್ಮೆಯೂ ಬೆಂಗಳೂರಿನಿಂದ ಅಲ್ಲ. ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬದುಕಿದ್ರು, ಕಾಸರಗೋಡು ಕರ್ನಾಟಕಕ್ಕೆ ಸೇರಬೇಕು ಅನ್ನುವ ಮಾತನ್ನು ಬಿಡಲಿಲ್ಲ.

1966ರಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನ್ ಆಯೋಗ ಬಂತು. ಮರುವರ್ಷದ ವರದಿಯಲ್ಲಿ ಚಂದ್ರಗಿರಿಯ ಉತ್ತರ ಭಾಗ ಮೈಸೂರಿಗೆ ಸೇರಲಿ ಅಂತ ಬರೆದ್ರು. ಕೇರಳ ಒಪ್ಪಲಿಲ್ಲ, ಬೆಳಗಾವಿ ವಿಷಯಕ್ಕೆ ಮಹಾರಾಷ್ಟ್ರವೂ ಒಪ್ಪಲಿಲ್ಲ. ವರದಿ ಹಾಗೇ ಬಿತ್ತು.

ಯಾರು ತೀರ್ಮಾನ ಮಾಡುವುದು ಹಾಗಾದ್ರೆ? ಸಂವಿಧಾನದ 3ನೇ ವಿಧಿ ಓದಿ, ಚಿಕ್ಕದು. ರಾಜ್ಯದ ಗಡಿ, ಹೆಸರು, ಗಾತ್ರ ಎಲ್ಲ ಬದಲಾಯಿಸುವ ಅಧಿಕಾರ ಸಂಸತ್ತಿಗೆ, ಅದೂ ಸಾಮಾನ್ಯ ಬಹುಮತದಲ್ಲಿ. ರಾಜ್ಯದ ವಿಧಾನಮಂಡಲದ ಅಭಿಪ್ರಾಯ ಕೇಳ್ಬೇಕು, ಆದ್ರೆ ಅದರ ಒಪ್ಪಿಗೆ ಬೇಕಿಲ್ಲ. ಅಮೆರಿಕದಲ್ಲಿ ಹೀಗೆ ಆಗುವುದಿಲ್ಲ, ಅಲ್ಲಿ ಒಂದು ರಾಜ್ಯವನ್ನು ಒಡೆಯಲು ಆ ರಾಜ್ಯದ ಶಾಸನಸಭೆ ಒಪ್ಪಲೇಬೇಕು. ನಮ್ಮಲ್ಲಿ ದೇಶ ಗಟ್ಟಿ, ರಾಜ್ಯದ ಗೆರೆ ಪೆನ್ಸಿಲಿನದ್ದು. ಇದರಿಂದ ಒಳ್ಳೆಯದೂ ಆಗಿದೆ, ಇಲ್ಲದಿದ್ರೆ ಬೀದರ್, ಧಾರವಾಡ, ಕೊಡಗು, ನಾವು ಎಲ್ಲ ಒಂದೇ ರಾಜ್ಯ ಆಗ್ತಿರ್ಲಿಲ್ಲ. ಆದ್ರೆ ಗೆರೆಯ ಪಕ್ಕದಲ್ಲೇ ಮನೆ ಇರುವವನಿಗೆ ಅದು ಗೋಡೆ.

ಗೋಡೆ ಅಂದದ್ದು ಸುಮ್ಮನೆ ಅಲ್ಲ. 2020ರ ಮಾರ್ಚಲ್ಲಿ ಲಾಕ್‌ಡೌನ್ ಆದಾಗ ಕರ್ನಾಟಕ ಗಡಿ ರಸ್ತೆಗಳಿಗೆ ಮಣ್ಣು ಸುರಿಯಿತು. ತಲಪಾಡಿ ಬಂದ್. ಅಲ್ಲಿಯವರೆಗೆ ಡಯಾಲಿಸಿಸ್, ಹೆರಿಗೆ, ಹಾರ್ಟ್ ಎಲ್ಲದಕ್ಕೂ ಮಂಗಳೂರಿಗೇ ಬರ್ತಿದ್ದ ಕಾಸರಗೋಡಿನವರು ಆಚೆ ಬಾಕಿ. ಆಸ್ಪತ್ರೆ ಮುಟ್ಟಲಾಗದೆ ಜೀವ ಹೋದ ಸುದ್ದಿ ನಾವೆಲ್ಲ ಓದಿದ್ದೇವೆ. ವಿಷಯ ಕೇರಳ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋದ ಮೇಲೆ ರೋಗಿಗಳಿಗೆ ದಾರಿ ಬಿಡುವ ವ್ಯವಸ್ಥೆ ಆಯ್ತು. ಹಳೇ ಸೌತ್ ಕೆನರಾ ಇದ್ದಿದ್ರೆ ಅದು ಒಂದೇ ಜಿಲ್ಲೆಯ ಒಳಗಿನ ರಸ್ತೆ. ನಮ್ಮ ವಿಟ್ಲದಿಂದ ಸಾರಡ್ಕ ದಾಟಿ ಪೆರ್ಲಕ್ಕೆ ಹೋಗುವವರಿಗೆ ನಾನು ಹೆಚ್ಚು ಹೇಳ್ಬೇಕಾಗಿಲ್ಲ.

4/4
ಇದು ಬಹಳ ಜನರಿಗೆ ಗೊತ್ತಿಲ್ಲ: ಲಕ್ಷದ್ವೀಪದ ಅರ್ಧ ಒಂದು ಕಾಲದಲ್ಲಿ ನಮ್ಮ ಜಿಲ್ಲೆ!

ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾಟ್, ಬಿತ್ರಾ. ಒಟ್ಟಿಗೆ ಅಮಿನ್‌ದಿವಿ ದ್ವೀಪಗಳು. ಟಿಪ್ಪುವಿನ ಕಾಲದಲ್ಲಿ ಕಣ್ಣೂರಿನ ಅರಕ್ಕಲ್ ಮನೆತನದ ಕೈಯಿಂದ ಮೈಸೂರಿಗೆ ಬಂದವು, 1799ರ ಮೇಲೆ ಕಂಪೆನಿಗೆ, ಹಾಗೆ ಸೌತ್ ಕೆನರಾ ಕಲೆಕ್ಟರಿಗೆ. ದ್ವೀಪದವರ ತೆಂಗಿನ ನಾರನ್ನು ಸರ್ಕಾರವೇ ತಗೊಂಡು ಬದಲಿಗೆ ಅಕ್ಕಿ ಕೊಡ್ತಿತ್ತು. ಬೇರೆಯವರಿಗೆ ಮಾರುವಂತಿಲ್ಲ. ಮೊನೊಪಲಿ ಅಂತ ನಾವು ಎಕನಾಮಿಕ್ಸ್‌ನಲ್ಲಿ ಓದುವುದು ಇದನ್ನೇ.

1956ರ ಅದೇ ದಿನ ಈ ದ್ವೀಪಗಳೂ ನಮ್ಮಿಂದ ಹೋದವು. ಮೈಸೂರಿಗೂ ಅಲ್ಲ, ಕೇರಳಕ್ಕೂ ಅಲ್ಲ, ನೇರ ದೆಹಲಿಗೆ: ಕೇಂದ್ರಾಡಳಿತ ಪ್ರದೇಶ. ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶದ ವ್ಯತ್ಯಾಸ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೀರಲ್ಲ, ಬದುಕಲ್ಲಿ ಅದು ಹೀಗೆ. ಬಂಟ್ವಾಳದವರಿಗೆ ಒಬ್ಬ ಎಂಎಲ್ಎ ಇದ್ದಾರೆ, ರಸ್ತೆ ಹಾಳಾದ್ರೆ ಬೈಯಲಿಕ್ಕಾದ್ರೂ ಆಗ್ತದೆ. ಅಮಿನಿಯವರಿಗೆ ವಿಧಾನಸಭೆಯೇ ಇಲ್ಲ. ದೆಹಲಿ ನೇಮಿಸಿದ ಆಡಳಿತಾಧಿಕಾರಿ, ಇಡೀ ಲಕ್ಷದ್ವೀಪಕ್ಕೆ ಒಬ್ಬ ಎಂಪಿ. ಆ ಎಂಪಿಯನ್ನೂ 1967ರವರೆಗೆ ಜನ ಆರಿಸಲಿಲ್ಲ, ರಾಷ್ಟ್ರಪತಿ ನೇಮಿಸ್ತಿದ್ದರು. 2021ರಲ್ಲಿ ಭೂಮಿಯ ಬಗ್ಗೆ ಕರಡು ನಿಯಮ ಬಂದಾಗ ದ್ವೀಪದವರು ಉಪವಾಸ ಕೂತ್ರು, ಕೋರ್ಟಿಗೆ ಹೋದ್ರು. ಚರ್ಚೆ ಮಾಡ್ಲಿಕ್ಕೆ ಅವರದ್ದೇ ಆದ ಸದನ ಇರಲಿಲ್ಲವಲ್ಲ. ಕೆನಡಾದಲ್ಲೂ 10 ಪ್ರಾಂತ್ಯಗಳಿಗೆ ಅಧಿಕಾರ ಸಂವಿಧಾನದಿಂದ ಬರ್ತದೆ, 3 ಟೆರಿಟರಿಗಳಿಗೆ ಅಲ್ಲಿನ ಸಂಸತ್ತು ಕೊಟ್ಟಷ್ಟೇ. ಆದ್ರೆ ಅಲ್ಲಿಯ ಟೆರಿಟರಿಗಳಿಗೆ ಶಾಸನಸಭೆ ಆದ್ರೂ ಉಂಟು.

ಮಂಗಳೂರು ಹಳೇ ಬಂದರಿಗೆ ಹೋದ್ರೆ ಲಕ್ಷದ್ವೀಪಕ್ಕೆ ತರಕಾರಿ, ಜಲ್ಲಿ, ಸಿಮೆಂಟ್ ತುಂಬುವ ಹಡಗುಗಳು ಕಾಣ್ತವೆ. ಆಡಳಿತ ಹೋಗಿ ಎಷ್ಟೋ ವರ್ಷ ಆಯ್ತು, ಸಾಮಾನು ಮಾತ್ರ ಇನ್ನೂ ನಮ್ಮಲ್ಲಿಂದಲೇ.

ಗಡಿಯ ಆಚೆ ಅಜ್ಜಿಮನೆ ಇರುವವರು ಕಾಮೆಂಟಲ್ಲಿ ಊರಿನ ಹೆಸರು ಹಾಕಿ. ಮುಂದಿನ ವಾರ ಮೂಡಬಿದ್ರೆಯ ಚೌಟ ಅರಸರು.