ಸರ್ಕಾರಿ ಕುರ್ಚಿಯ ಕಥೆ: ಚಂಡೀಗಢದಿಂದ ನಮ್ಮ ತಾಲೂಕು ಕಚೇರಿವರೆಗೆ

ಇವತ್ತಿನ ಕಂತಿನಲ್ಲಿ ರಾಜರ ಕಥೆ ಇಲ್ಲ, ಯುದ್ಧದ ಕಥೆಯೂ ಇಲ್ಲ. ನಾನು ಹೇಳೋಕೆ ಹೊರಟಿರೋದು ಒಂದು ಕುರ್ಚಿಯ ಕಥೆ. ಅದೂ ಸರ್ಕಾರಿ ಕುರ್ಚಿ. ನೀವು ಬಸ್ಸಲ್ಲಿ ನಿಂತುಕೊಂಡೇ ಕೇಳ್ತಾ ಇದ್ರೆ, ಕ್ಷಮೆ ಇರಲಿ!

ಈ ವಿಷಯ ತಲೆಗೆ ಬಂದಿದ್ದು ನಮ್ಮ ಅಜ್ಜಿಯಿಂದ. ಕೆಲವು ತಿಂಗಳ ಹಿಂದೆ ಪಹಣಿಯಲ್ಲಿ ಹೆಸರು ತಿದ್ದಿಸಬೇಕು ಅಂತ ಅವರನ್ನ ಕರೆದುಕೊಂಡು ಒಂದು ತಾಲೂಕು ಕಚೇರಿಗೆ ಹೋಗಿದ್ದೆ. ವರಾಂಡದಲ್ಲಿ ಮೂರು ಸೀಟಿನ ಒಂದೇ ಒಂದು ಸ್ಟೀಲ್ ಬೆಂಚು. ಅದರಲ್ಲೂ ಒಂದು ಸೀಟು ಮುರಿದಿತ್ತು. ಕಾಯ್ತಾ ಇದ್ದ ಜನ ಕಡಿಮೆ ಅಂದ್ರೂ ನಲವತ್ತು. ಒಳಗೆ ಸಾಹೇಬರ ಕುರ್ಚಿಗೆ ಮಾತ್ರ ಎತ್ತರದ ಬೆನ್ನು, ಅದರ ಮೇಲೆ ಬಿಳಿ ಟವೆಲ್. ಅಜ್ಜಿ ಎರಡು ಗಂಟೆ ಮೆಟ್ಟಿಲ ಮೇಲೆ ಕೂತಿದ್ರು. ವಾಪಸ್ ಬರುವಾಗ ಕೇಳಿದ್ರು, "ಅಲ್ವೋ ಮಗಾ, ಇಷ್ಟು ದೊಡ್ಡ ಕಟ್ಟಡ ಕಟ್ಟಿಸಿದೋರಿಗೆ ನಾವೂ ಬರ್ತೀವಿ ಅನ್ನೋದು ಗೊತ್ತಿರಲಿಲ್ವಾ?"

ನನ್ನ ಹತ್ರ ಉತ್ತರ ಇರಲಿಲ್ಲ. ಆದ್ರೆ ಇದೇ ಪ್ರಶ್ನೆ ಇಟ್ಟುಕೊಂಡು ಹಿಂದಕ್ಕೆ ಹೋದಾಗ ಒಳ್ಳೆ ಇತಿಹಾಸ ಸಿಕ್ತು.

ನಮ್ಮ ಕಡೆ ಹಳೇ ಕಾಲದಲ್ಲಿ ಲೆಕ್ಕಪತ್ರದ ಕೆಲಸಕ್ಕೆ ಕುರ್ಚಿಯೇ ಬೇಕಿರಲಿಲ್ಲ. ಶಾನುಭೋಗರು ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಮುಂದೆ ಇಳಿಜಾರಿನ ಪುಟ್ಟ ಮೇಜು ಇಟ್ಟುಕೊಂಡು ಬರೆಯೋರು. ಇವತ್ತು ಫೈಲಿಗೆ 'ಕಡತ' ಅಂತೀವಲ್ಲ, ಆ ಪದವೂ ಅಲ್ಲಿಂದಲೇ ಬಂದಿದ್ದು. ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲಪುಡಿ ಬಳಿದು, ಒಣಗಿಸಿ, ಮಡಚಿ ಮಾಡಿದ ಕಪ್ಪು ಪುಸ್ತಕವೇ ಕಡತ. ಅದರ ಮೇಲೆ ಬಳಪದಲ್ಲಿ ಬರೀತಿದ್ರು.

ಬ್ರಿಟಿಷರ ಆಡಳಿತ ಬಂದ ಮೇಲೆ ಮೇಜು, ಕುರ್ಚಿ ಬಂತು. ಜೊತೆಗೆ ಇನ್ನೊಂದು ವಿಚಾರವೂ ಬಂತು: ಸಾಹೇಬರ ಎದುರು ಯಾರು ಕೂರಬಹುದು, ಯಾರು ನಿಲ್ಲಬೇಕು? ಉತ್ತರ ಭಾರತದಲ್ಲಿ ಇದಕ್ಕೆ ಒಂದು ಪದವೇ ಇತ್ತು, 'ಕುರ್ಸಿ ನಶೀನ್'. ಅಂದ್ರೆ ಅಧಿಕಾರಿಯ ಮುಂದೆ ಕುರ್ಚಿಯಲ್ಲಿ ಕೂರೋ ಹಕ್ಕು ಪಡೆದವನು. ಅದಕ್ಕೆ ಸರ್ಟಿಫಿಕೇಟ್ ಕೂಡ ಕೊಡ್ತಿದ್ರು. ಯೋಚನೆ ಮಾಡಿ, ಕೂತುಕೊಳ್ಳೋಕೆ ಸರ್ಟಿಫಿಕೇಟ್! ಸಾಮಾನ್ಯ ರೈತ ಬಂದ್ರೆ ಕೈಮುಗಿದು ನಿಲ್ಲೋದೇ.

ಈಗ 1947ಕ್ಕೆ ಬನ್ನಿ. ದೇಶ ಇಬ್ಭಾಗ ಆಯ್ತು, ಪಂಜಾಬೂ ಇಬ್ಭಾಗ ಆಯ್ತು. ರಾಜಧಾನಿ ಲಾಹೋರ್ ಪಾಕಿಸ್ತಾನದ ಪಾಲಾಯ್ತು. ಭಾರತದ ಕಡೆ ಉಳಿದ ಪಂಜಾಬಿಗೆ ರಾಜಧಾನಿಯೇ ಇರಲಿಲ್ಲ. ಹಾಗಾಗಿ ಹೊಸ ಊರನ್ನೇ ಕಟ್ಟೋಕೆ ಹೊರಟ್ರು. ಅದೇ ಚಂಡೀಗಢ. ಊರಿನ ನಕ್ಷೆ ಮತ್ತು ದೊಡ್ಡ ಕಟ್ಟಡಗಳ ಹೊಣೆ ಹೊತ್ತವರು ಪ್ರಸಿದ್ಧ ವಾಸ್ತುಶಿಲ್ಪಿ ಲೆ ಕಾರ್ಬೂಸಿಯೇ. ಅವರು ಬಂದು ಹೋಗಿ ಮಾಡ್ತಿದ್ರು. ಅಲ್ಲೇ ನೆಲೆಸಿ ಕೆಲಸ ನೋಡಿಕೊಂಡವರು ಅವರ ದಾಯಾದಿ ತಮ್ಮ ಪಿಯರ್ ಜಾನರೆ. 1951ರಲ್ಲಿ ಬಂದವರು 1965ರವರೆಗೂ ಅಲ್ಲೇ ಇದ್ರು.

ಕಟ್ಟಡಗಳೇನೋ ಎದ್ದವು. ಹೈಕೋರ್ಟ್, ವಿಧಾನಸಭೆ, ಸುಮಾರು ಕಾಲು ಕಿಲೋಮೀಟರ್ ಉದ್ದದ ಸಚಿವಾಲಯ. ಆದ್ರೆ ಒಳಗೆ ಸಾವಿರಾರು ಜನ ಕೂತು ಕೆಲಸ ಮಾಡಬೇಕು. ಕುರ್ಚಿ, ಮೇಜು, ಕಪಾಟು, ಗ್ರಂಥಾಲಯದ ಬೆಂಚು ಎಲ್ಲಿಂದ ತರೋದು? ವಿದೇಶದಿಂದ ತರಿಸೋಕೆ ಹಣ ಇರಲಿಲ್ಲ. ಆಗ ಜಾನರೆ, ಜೊತೆಗೆ ಊರ್ಮಿಳಾ ಯೂಲಿ ಚೌಧರಿಯಂಥ ಭಾರತೀಯ ವಾಸ್ತುಶಿಲ್ಪಿಗಳು ಪೀಠೋಪಕರಣಗಳನ್ನೂ ತಾವೇ ವಿನ್ಯಾಸ ಮಾಡಿದ್ರು.

ಅವರು ಆರಿಸಿಕೊಂಡ ಸಾಮಾನು ನೋಡಿ. ಮರ ಬಹುಪಾಲು ತೇಗ, ಯಾಕಂದ್ರೆ ಅದಕ್ಕೆ ಗೆದ್ದಲಿನ ಕಾಟ ಕಡಿಮೆ, ಮಳೆಗಾಲದ ತೇವಕ್ಕೂ ಬೇಗ ಬಗ್ಗಲ್ಲ. ಕೂರೋ ಜಾಗಕ್ಕೆ, ಬೆನ್ನಿಗೆ ಬೆತ್ತದ ಹೆಣಿಗೆ. ಪಂಜಾಬಿನ ಮೇ ತಿಂಗಳ ಬಿಸಿಲಲ್ಲಿ, ಎಸಿ ಇಲ್ಲದ ಕಚೇರಿಯಲ್ಲಿ, ದಿನವಿಡೀ ರೆಕ್ಸಿನ್ ಮೇಲೆ ಕೂತ್ರೆ ಅಂಗಿ ಬೆನ್ನಿಗೆ ಅಂಟಿಕೊಳ್ಳುತ್ತೆ. ಬೆತ್ತದಲ್ಲಿ ಗಾಳಿ ಆಡುತ್ತೆ. ಕಾಲುಗಳು ತಲೆಕೆಳಗಾದ ಇಂಗ್ಲಿಷ್ 'ವಿ' ಅಕ್ಷರದ ಹಾಗೆ ಅಗಲವಾಗಿ ಊರಿಕೊಂಡಿರ್ತವೆ. ಕೈವಾರ ಬಿಡಿಸಿ ನಿಲ್ಲಿಸಿದ ಹಾಗೆ. ಎಳೆದಾಡಿದ್ರೂ ಅಲುಗಾಡಲ್ಲ. ದೊಡ್ಡ ಕಾರ್ಖಾನೆ ಬೇಕಿಲ್ಲ, ಸ್ಥಳೀಯ ಬಡಗಿಗಳೇ ಸಣ್ಣ ವರ್ಕ್‌ಶಾಪ್‌ಗಳಲ್ಲಿ ಮಾಡಿಕೊಟ್ರು.

ಮೇಲು-ಕೀಳು ಪೂರ್ತಿ ಹೋಯ್ತು ಅಂತ ನಾನು ಹೇಳಲ್ಲ. ದೊಡ್ಡವರು ಕೂರೋ ಕುರ್ಚಿಗಳಿಗೆ ಚರ್ಮದ ಮೆತ್ತೆ ಇತ್ತು, ಗುಮಾಸ್ತರಿಗೆ ಬೆತ್ತ. ಆದ್ರೆ ಗುಮಾಸ್ತನ ಬೆನ್ನಿನ ಬಗ್ಗೆ, ಓದೋಕೆ ಬಂದ ವಿದ್ಯಾರ್ಥಿಯ ಮೊಣಕೈ ಬಗ್ಗೆ ಕೂತು ತಲೆ ಕೆಡಿಸಿಕೊಂಡಿದ್ರಲ್ಲ, ಅದು ದೊಡ್ಡದು. ಹೈಕೋರ್ಟಿನಲ್ಲಿ ಇನ್ನೊಂದು ತಮಾಷೆ ಇದೆ. ಕಾಂಕ್ರೀಟ್ ಕೋಣೆಗಳಲ್ಲಿ ಮಾತು ಪ್ರತಿಧ್ವನಿಸುತ್ತೆ. ಅದಕ್ಕೇ ಲೆ ಕಾರ್ಬೂಸಿಯೇ ಗೋಡೆಗಳಿಗೆ ದೊಡ್ಡ ದೊಡ್ಡ ಬಣ್ಣದ ನೇಯ್ಗೆಯ ಪರದೆಗಳನ್ನ ವಿನ್ಯಾಸ ಮಾಡಿದ್ರು. ನೋಡೋಕೆ ಚಿತ್ರ, ಕೆಲಸ ಸದ್ದು ಹೀರಿಕೊಳ್ಳೋದು. ಕಟಕಟೆಯಲ್ಲಿ ನಿಂತವನ ಮಾತು ಜಡ್ಜ್‌ಗೆ ಸರಿಯಾಗಿ ಕೇಳಿಸಬೇಕಲ್ವಾ?

ಆಮೇಲೆ ಏನಾಯ್ತು? ಬೆತ್ತ ಹರೀತು. ರಿಪೇರಿ ಮಾಡಿಸೋ ಬದಲು ಸ್ಟೀಲು, ಪ್ಲಾಸ್ಟಿಕ್ಕು, ತಿರುಗೋ ಕುರ್ಚಿ ಬಂತು. ಹಳೇ ಕುರ್ಚಿಗಳು ಟೆರೇಸು, ಹಿತ್ತಲು, ಗೋಡೌನುಗಳಲ್ಲಿ ರಾಶಿ ಬಿದ್ದವು. ಇಲಾಖೆಗಳು ಅದನ್ನ ಗುಜರಿ ಅಂತ ಹರಾಜು ಹಾಕಿದ್ವು. ವಿದೇಶಿ ವ್ಯಾಪಾರಿಗಳು ಕೊಂಡು, ಪಾಲಿಶ್ ಮಾಡಿಸಿ, ಹೊಸ ಬೆತ್ತ ಹಾಕಿಸಿ ಪ್ಯಾರಿಸ್, ಲಂಡನ್, ನ್ಯೂಯಾರ್ಕ್ ಹರಾಜುಗಳಲ್ಲಿ ಮಾರಿದ್ರು. ಲಕ್ಷಗಟ್ಟಲೆ ರೂಪಾಯಿಗೆ! ನಮ್ಮ ಇಲಾಖೆಗಳು ಬಣ್ಣದಲ್ಲಿ ಬರೆದ ನಂಬರ್ ಇದ್ರೆ ಅದೇ ಅಸಲಿ ಅನ್ನೋದಕ್ಕೆ ಗುರುತು.

ಹಾಗಾದ್ರೆ ಕಾನೂನು ತಡೀಲಿಲ್ವಾ? ನಮ್ಮ 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ಇಂಥ ವಸ್ತು 'ಪುರಾತನ' ಅನ್ನಿಸಿಕೊಳ್ಳೋಕೆ ಕನಿಷ್ಠ 100 ವರ್ಷ ಆಗಿರಬೇಕು. ಈ ಕುರ್ಚಿಗಳಿಗೆ ಅಷ್ಟು ವಯಸ್ಸಾಗಿಲ್ಲ. ಮೇಲಾಗಿ ಸರ್ಕಾರವೇ ಹರಾಜಿನಲ್ಲಿ ಮಾರಿದ ಮಾಲು. 2011ರಲ್ಲಿ ಕೇಂದ್ರ ಗೃಹ ಸಚಿವಾಲಯ ಮಾರಾಟ, ರಫ್ತು ನಿಲ್ಲಿಸಿ ಅಂತ ಆದೇಶ ಹೊರಡಿಸಿತು. ಎಣಿಸಿ ಪಟ್ಟಿ ಮಾಡಿದಾಗ ಚಂಡೀಗಢದಲ್ಲಿ ಇನ್ನೂ 12 ಸಾವಿರಕ್ಕೂ ಹೆಚ್ಚು ಸಾಮಾನು ಉಳಿದಿದ್ವು. 2016ರಲ್ಲಿ ಅಲ್ಲಿನ ಕ್ಯಾಪಿಟಲ್ ಸಂಕೀರ್ಣ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು.

ಈ ಸುದ್ದಿ ಓದಿದವರೆಲ್ಲ ಬೆಲೆ ನೋಡಿ ಬೆರಗಾಗ್ತಾರೆ. ನಾನೂ ಮೊದಲು ಹಾಗೇ ಬೆರಗಾಗಿದ್ದೆ. ಆದ್ರೆ ಅಜ್ಜಿಯ ಮಾತು ನೆನಪಾದಾಗ ಬೇರೆ ಲೆಕ್ಕ ಕಾಣಿಸ್ತು. ಕುರ್ಚಿ ವಿದೇಶಕ್ಕೆ ಹೋಗಿದ್ದು ನಷ್ಟವೇ. ಅದಕ್ಕಿಂತ ದೊಡ್ಡ ನಷ್ಟ, ಆ ಕುರ್ಚಿ ಮಾಡುವಾಗ ಕೇಳಿಕೊಂಡ ಪ್ರಶ್ನೆಗಳನ್ನ ನಾವು ಬಿಟ್ಟಿದ್ದು. ಇಲ್ಲಿ ಯಾರು ಕೂರ್ತಾರೆ? ಎಷ್ಟು ಹೊತ್ತು? ಸೆಖೆ ಎಷ್ಟು? ಮುರಿದ್ರೆ ಊರಲ್ಲೇ ರಿಪೇರಿ ಆಗುತ್ತಾ? ಈಗ ಟೆಂಡರ್ ಕರೀತಾರೆ, ಕಡಿಮೆ ರೇಟಿನದು ಬರುತ್ತೆ, ಎರಡು ವರ್ಷಕ್ಕೆ ಸೀಟು ಮುರಿಯುತ್ತೆ.

ನಮ್ಮ ವಿಧಾನಸೌಧವೂ ಅದೇ ಕಾಲದ್ದು. 1951ರ ಜುಲೈನಲ್ಲಿ ನೆಹರೂ ಶಂಕುಸ್ಥಾಪನೆ ಮಾಡಿದ್ರು, ಕೆಂಗಲ್ ಹನುಮಂತಯ್ಯನವರು ನಿಂತು ಕಟ್ಟಿಸಿದ್ರು, 1956ರಲ್ಲಿ ಮುಗೀತು. ಸಂಪುಟ ಸಭೆಯ ಕೋಣೆಗೆ ಗಂಧದ ಬಾಗಿಲು ಇದೆ. ಮುಂಭಾಗದಲ್ಲಿ 'ಸರ್ಕಾರದ ಕೆಲಸ ದೇವರ ಕೆಲಸ' ಅಂತ ಕೆತ್ತಿದ್ದಾರೆ. ಆ ಮಾತು ಓದಿದಾಗಲೆಲ್ಲ ನನಗೆ ಈಗ ಅನ್ನಿಸೋದು ಒಂದೇ: ದೇವಸ್ಥಾನದಲ್ಲಾದ್ರೂ ಕೂತು ಸುಧಾರಿಸಿಕೊಳ್ಳೋಕೆ ಒಂದು ಜಗಲಿ ಇರುತ್ತಲ್ಲ.

ಮುಂದಿನ ಸಲ ಸರ್ಕಾರಿ ಕಚೇರಿಗೆ, ಆಸ್ಪತ್ರೆಗೆ ಹೋದಾಗ ಸುಮ್ನೆ ಒಂದು ಲೆಕ್ಕ ಹಾಕಿ. ಕಾಯೋ ಜನ ಎಷ್ಟು, ಕೂರೋಕೆ ಜಾಗ ಎಷ್ಟು? ಫ್ಯಾನು ಯಾರ ತಲೆ ಮೇಲಿದೆ? ನಿಮ್ಮೂರಿನ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿ ಜೊತೆಗೆ ಪಂಚಾಯಿತಿ ಕಚೇರಿಗೆ ಎರಡು ಒಳ್ಳೆ ಬೆಂಚು ಬೇಕು ಅಂತಲೂ ಕೇಳಿ. ಅದಕ್ಕೆ ಫ್ರಾನ್ಸಿನಿಂದ ಯಾರೂ ಬರಬೇಕಾಗಿಲ್ಲ, ಊರಿನ ಬಡಗಿ ಸಾಕು.

ಅಜ್ಜಿಯ ಪಹಣಿ ಕೆಲಸ ಇನ್ನೂ ಮುಗಿದಿಲ್ಲ. ಮುಂದಿನ ವಾರ ಮತ್ತೆ ಹೋಗ್ಬೇಕು. ಈ ಸಲ ಮನೆಯಿಂದ ಒಂದು ಮಡಚೋ ಕುರ್ಚಿ ತಗೊಂಡು ಹೋಗ್ತಾ ಇದ್ದೀವಿ. ಏನಾಯ್ತು ಅಂತ ಇನ್ನೊಂದು ಕಂತಿನಲ್ಲಿ ಹೇಳ್ತೀನಿ. ಅಲ್ಲಿವರೆಗೂ, ನಮಸ್ಕಾರ.