ಹರಾಜಿನಲ್ಲಿ ಅಗ್ಗ, ಸಾಗಣೆಯಲ್ಲಿ ದುಬಾರಿ

1995ರಲ್ಲಿ ಅಮೆರಿಕದಲ್ಲಿ ಆರಂಭವಾದ ಇಬೇಯಂತಹ ಹರಾಜು ತಾಣಗಳಲ್ಲಿ ಬಿಡ್ ಮೊತ್ತವೆಂದರೆ ವಸ್ತುವಿನ ಬೆಲೆ ಮಾತ್ರ. ಸಾಗಣೆ ವೆಚ್ಚ ಪ್ರತ್ಯೇಕ. ವಿದೇಶಕ್ಕೆ ಕಳುಹಿಸುವ ದರವನ್ನು ಮಾರಾಟಗಾರರು ಮೊದಲೇ ನಮೂದಿಸದಿದ್ದಲ್ಲಿ, ಹರಾಜು ಗೆದ್ದ ಬಳಿಕವಷ್ಟೇ ನಿಜವಾದ ಖರ್ಚು ತಿಳಿಯುತ್ತದೆ.

ದರ ಏರಲು ಕಾರಣಗಳು ಹಲವು. ಅಮೆರಿಕದ ಅಂಚೆ ಸೇವೆಯು ಅಗ್ಗದ ಹಡಗು ಅಂಚೆಯನ್ನು 2007ರಲ್ಲಿ ಸಾರ್ವಜನಿಕರಿಗೆ ನಿಲ್ಲಿಸಿದ್ದರಿಂದ ವಿಮಾನ ಅಂಚೆಯೇ ಗತಿಯಾಯಿತು. ಇಬೇ ಮೊದಲು ವಸ್ತುವಿನ ಬೆಲೆಗಷ್ಟೇ ಕಮಿಷನ್ ಪಡೆಯುತ್ತಿದ್ದುದರಿಂದ ಕೆಲವರು ಬೆಲೆ ಇಳಿಸಿ ಸಾಗಣೆ ದರ ಏರಿಸುತ್ತಿದ್ದರು. ಅಮೆರಿಕದಲ್ಲಿ 2011ರಿಂದ ಸಾಗಣೆ ದರಕ್ಕೂ ಕಮಿಷನ್ ಅನ್ವಯವಾಯಿತು.

ಕೊರಿಯರ್ ಸಂಸ್ಥೆಗಳು ತೂಕದ ಜತೆಗೆ ಗಾತ್ರವನ್ನೂ ಪರಿಗಣಿಸುತ್ತವೆ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂ.ಮೀ.ಗಳಲ್ಲಿ ಗುಣಿಸಿ, ಸಾಮಾನ್ಯವಾಗಿ 5,000ದಿಂದ ಭಾಗಿಸಲಾಗುತ್ತದೆ. 40×30×25 ಸೆಂ.ಮೀ. ಪೆಟ್ಟಿಗೆ 2 ಕಿಲೋ ತೂಗಿದರೂ ದರ 6 ಕಿಲೋಗೆ.

ಭಾರತಕ್ಕೆ ತರಿಸಿಕೊಂಡರೆ ಕಸ್ಟಮ್ಸ್ ಸುಂಕವನ್ನು ಬೆಲೆಯೊಂದಿಗೆ ಸಾಗಣೆ ಹಾಗೂ ವಿಮೆ ವೆಚ್ಚ ಸೇರಿಸಿ ಲೆಕ್ಕ ಹಾಕಲಾಗುತ್ತದೆ. ವಿಮಾನದಲ್ಲಿ ಬಂದ ಸರಕಿಗೆ ಹೀಗೆ ಸೇರಿಸುವ ಸಾಗಣೆ ವೆಚ್ಚವು ಬೆಲೆಯ ಶೇ. 20ನ್ನು ಮೀರುವಂತಿಲ್ಲ.

ಗೆದ್ದ ಬಿಡ್ ಖರೀದಿಯ ಒಪ್ಪಂದಕ್ಕೆ ಸಮ. ಆದ್ದರಿಂದ ಊರು, ಪಿನ್‌ಕೋಡ್ ತಿಳಿಸಿ ಸಾಗಣೆ ದರವನ್ನು ಲಿಖಿತವಾಗಿ ಪಡೆದ ನಂತರವೇ ಬಿಡ್ ಸಲ್ಲಿಸುವುದು ಕ್ಷೇಮ.