ದಿವಾಳಿಯಾದವನ ಖಾತೆ

ಕಳೆದ ತಿಂಗಳ ಒಂದು ಜುಮುಆ ಖುತ್ಬಾದಲ್ಲಿ ಸಾಲ ಮತ್ತು ದಿವಾಳಿಯ ಬಗ್ಗೆ ಮಾತನಾಡಿದ್ದೆ. ಮಿಂಬರಿನ ಮೇಲೆ ನಿಂತು ಇಪ್ಪತ್ತು ನಿಮಿಷದಲ್ಲಿ ಹೇಳಲಾಗದೆ ಉಳಿದ ಇತಿಹಾಸದ ಭಾಗವನ್ನು ಇಲ್ಲಿ ಬರೆಯುತ್ತಿದ್ದೇನೆ. ಆ ಖುತ್ಬಾಕ್ಕೆ ಕಾರಣವಾದದ್ದು ನನ್ನದೇ ಒಂದು ತಪ್ಪು. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮ ಮೊಹಲ್ಲಾದ ಬಟ್ಟೆ ವ್ಯಾಪಾರಿಯೊಬ್ಬರು ಅಂಗಡಿ ಮುಚ್ಚಿದರು. ಬ್ಯಾಂಕಿನ ಸಾಲ, ಸರಕು ಕೊಟ್ಟವರ ಬಾಕಿ, ಕೈಸಾಲ ಎಲ್ಲವೂ ಒಟ್ಟಿಗೆ ಬಂದು ನಿಂತಿದ್ದವು. ಮನೆಯಲ್ಲಿ ಅಕ್ಕಿಯೂ ಇಲ್ಲ ಎಂದು ತಿಳಿದಾಗ ಜಮಾಅತ್ ಕಮಿಟಿ ಝಕಾತ್ ನಿಧಿಯಿಂದ ಮೂರು ತಿಂಗಳ ರೇಷನ್ನಿಗೆ ಹಣ ಕೊಡಲು ತೀರ್ಮಾನಿಸಿತು. ನಗದು ಬೇಡ, ಲೆಕ್ಕ ಸರಿ ಇರಲಿ, ಅವರ ಖಾತೆಗೇ ಹಾಕಿ ಎಂದವನು ನಾನು. ಖಾತೆ ಇದ್ದದ್ದು ಸಾಲ ಕೊಟ್ಟ ಬ್ಯಾಂಕಿನಲ್ಲೇ. ಸಂಜೆಯ ಹೊತ್ತಿಗೆ ಅಷ್ಟೂ ಹಣ ಸಾಲದ ಬಾಕಿಗೆ ಜಮೆಯಾಗಿತ್ತು. ಝಕಾತ್ ಸಂದಾಯವಾಯಿತು, ಅವರ ಸಾಲವೂ ಅಷ್ಟು ಇಳಿಯಿತು, ಕಾಗದದ ಮೇಲೆ ಎಲ್ಲವೂ ಸರಿ. ಆದರೆ ಮಕ್ಕಳಿಗೆ ಅಕ್ಕಿ ಬರಲಿಲ್ಲ.

ಅವರು ಬಂದು ನನ್ನ ಮೇಲೆ ಸಿಟ್ಟಾಗಲಿಲ್ಲ. “ಹಝ್ರತ್, ಇನ್ನು ನನ್ನ ಹೆಸರಲ್ಲಿ ಖಾತೆಯೇ ಬೇಡ. ಬಾಮೈದನ ಹೆಸರಲ್ಲಿ ಇಟ್ಟುಕೊಳ್ಳುತ್ತೇನೆ. ದಿವಾಳಿಯಾದವನು ಖಾತೆ ಇಟ್ಟುಕೊಳ್ಳಬಹುದಾ? ಬೇರೆ ಬ್ಯಾಂಕಿನಲ್ಲಿ ಹೊಸದು ತೆರೆದರೆ ಸಾಲ ಕೊಟ್ಟವರಿಗೆ ಮೋಸ ಮಾಡಿದ ಹಾಗೆ ಆಗುತ್ತದಾ?” ಎಂದು ಕೇಳಿದರು. “ನಾಲ್ಕು ದಿನ ಕೊಡಿ ಭಾಯಿ, ನೋಡಿ ಹೇಳುತ್ತೇನೆ” ಎಂದೆ.

ನೋಡಿದರೆ, ಈ ಪ್ರಶ್ನೆ ಸುಮಾರು ಹದಿನಾಲ್ಕು ಶತಮಾನಗಳಷ್ಟು ಹಳೆಯದು. ಆಗ ಬ್ಯಾಂಕ್ ಇರಲಿಲ್ಲ, ಅಷ್ಟೇ.

ಪ್ರವಾದಿವರ್ಯರ(ಸ) ಕಾಲದ ಮದೀನಾದಲ್ಲಿ ಒಬ್ಬರು ಹಣ್ಣಿನ ಬೆಳೆ ಖರೀದಿಸಿ ನಷ್ಟಕ್ಕೆ ಸಿಕ್ಕಿದರು. ಅವರ ಘಟನೆ ಹಝ್ರತ್ ಅಬೂ ಸಈದ್ ಅಲ್‌ಖುದ್ರೀ(ರ) ಅವರಿಂದ ಸಹೀಹ್ ಮುಸ್ಲಿಮ್‌ನಲ್ಲಿ ವರದಿಯಾಗಿದೆ. ಅವರಿಗೆ ಸದಖಃ ಕೊಡುವಂತೆ ಪ್ರವಾದಿ(ಸ) ಜನರಿಗೆ ಹೇಳಿದರು. ಜನ ಕೊಟ್ಟರು, ಆದರೂ ಸಾಲ ತೀರುವಷ್ಟು ಆಗಲಿಲ್ಲ. ಆಗ ಪ್ರವಾದಿ(ಸ) ಸಾಲ ಕೊಟ್ಟವರಿಗೆ, ಸಿಕ್ಕಿದ್ದನ್ನು ತೆಗೆದುಕೊಳ್ಳಿ, ಅದಕ್ಕಿಂತ ಹೆಚ್ಚಿನದು ನಿಮಗಿಲ್ಲ ಎಂಬ ಅರ್ಥದ ತೀರ್ಪು ಕೊಟ್ಟರು. ಉಳಿದ ಸಾಲ ಮನ್ನಾ ಆಯಿತು ಎಂದಲ್ಲ, ಈಗ ಅವರ ಬಳಿ ಇರುವುದಷ್ಟೇ, ಇನ್ನು ಕಾಯಬೇಕು ಎಂದು ಹೆಚ್ಚಿನ ಉಲಮಾಗಳು ವಿವರಿಸಿದ್ದಾರೆ. ಸೂರಃ ಅಲ್‌ಬಖರಃದ 280ನೇ ಆಯತ್ ಕೂಡ, ಸಾಲಗಾರ ಕಷ್ಟದಲ್ಲಿದ್ದರೆ ಅನುಕೂಲವಾಗುವವರೆಗೆ ಅವಕಾಶ ಕೊಡಬೇಕೆಂದೂ ಬಿಟ್ಟುಕೊಟ್ಟರೆ ಇನ್ನೂ ಒಳ್ಳೆಯದೆಂದೂ ಹೇಳುತ್ತದೆ.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಹಝ್ರತ್ ಮುಆದ್ ಬಿನ್ ಜಬಲ್(ರ) ಅವರ ಪ್ರಸಂಗ. ಹಲಾಲ್ ಹರಾಮಿನ ಜ್ಞಾನದಲ್ಲಿ ಸಹಾಬಿಗಳ ನಡುವೆ ಹೆಸರಾದ ಯುವಕ ಅವರು. ಕೊಡುಗೈ ಎಷ್ಟೆಂದರೆ ಸಾಲ ಆಸ್ತಿಯನ್ನೆಲ್ಲ ನುಂಗಿತು. ಅವರ ಆಸ್ತಿಯನ್ನು ಪ್ರವಾದಿ(ಸ) ಮಾರಿಸಿ ಸಾಲ ಕೊಟ್ಟವರಿಗೆ ಹಂಚಿದರು ಎಂದು ವರದಿಗಳಿವೆ. (ಪರಂಪರೆಯ ಬಗ್ಗೆ ಮುಹದ್ದಿಸರಲ್ಲಿ ಚರ್ಚೆ ಇದೆ, ಮುರ್ಸಲ್ ವರದಿಯೇ ಬಲವಾದದ್ದು ಎನ್ನುತ್ತಾರೆ.) ಅದಾದ ಮೇಲೆ ಆದದ್ದನ್ನು ಗಮನಿಸಿ. ದಿವಾಳಿಯಾದ ಅದೇ ಮುಆದ್‌ರನ್ನು ಪ್ರವಾದಿ(ಸ) ಯಮನ್‌ಗೆ ಅಧಿಕಾರಿಯಾಗಿ ಕಳಿಸಿದರು. ಅಲ್ಲಿ ಅವರು ವ್ಯಾಪಾರವನ್ನೂ ಮಾಡಿ ಒಂದಿಷ್ಟು ಸಂಪಾದಿಸಿದರು.

ಪ್ರವಾದಿವರ್ಯರ(ಸ) ವಫಾತಿನ ನಂತರ ಮುಆದ್ ಮರಳಿ ಬಂದಾಗ ನಡೆದದ್ದನ್ನು ಅಬ್ದುರ್ರಝ್ಝಾಖ್ ಅವರ ‘ಮುಸನ್ನಫ್’ ದಾಖಲಿಸಿದೆ. ಮುಆದ್‌ಗೆ ಬದುಕಲು ಬೇಕಾದಷ್ಟು ಬಿಟ್ಟು ಉಳಿದದ್ದನ್ನು ತೆಗೆದುಕೊಳ್ಳಿ ಎಂದು ಹಝ್ರತ್ ಉಮರ್(ರ) ಖಲೀಫ ಅಬೂಬಕ್ಕರ್(ರ) ಅವರಿಗೆ ಸಲಹೆ ಕೊಟ್ಟರು. ಅಬೂಬಕ್ಕರ್(ರ) ಒಪ್ಪಲಿಲ್ಲ. ಪ್ರವಾದಿ(ಸ) ಅವರನ್ನು ಕಳಿಸಿದ್ದೇ ನಷ್ಟ ತುಂಬಿಕೊಳ್ಳಲೆಂದು, ಅವರಾಗಿಯೇ ತಂದುಕೊಟ್ಟರೆ ಮಾತ್ರ ತೆಗೆದುಕೊಳ್ಳುತ್ತೇನೆ ಎಂದರು. ಆಮೇಲೆ ಮುಆದ್ ಕನಸೊಂದನ್ನು ಕಂಡರು. ನೀರಿನಲ್ಲಿ ಮುಳುಗುತ್ತಿದ್ದ ಅವರನ್ನು ಉಮರ್ ಎಳೆದು ಉಳಿಸಿದ್ದರು. ಎದ್ದವರೇ ತಮ್ಮದೆಲ್ಲವನ್ನೂ ಖಲೀಫರ ಮುಂದೆ ಇಟ್ಟರು. ಅಬೂಬಕ್ಕರ್(ರ) ಅದನ್ನು ಅವರಿಗೇ ಕೊಟ್ಟುಬಿಟ್ಟರು. ಆಗಲೇ ಉಮರ್‌ಗೂ ಸಮಾಧಾನವಾದದ್ದು. ಎಲ್ಲವನ್ನೂ ತೆರೆದು ತೋರಿಸಿದ ಮೇಲೆ ಉಳಿದದ್ದರ ಬಗ್ಗೆ ಯಾರಿಗೂ ತಕರಾರು ಇರಲಿಲ್ಲ.

ಹಝ್ರತ್ ಉಮರ್(ರ) ಅವರ ಕಾಲದ ಇನ್ನೊಂದು ಘಟನೆ ಇಮಾಮ್ ಮಾಲಿಕರ ‘ಮುವತ್ತಾ’ದಲ್ಲಿದೆ. ಜುಹೈನಃ ಗೋತ್ರದ ಉಸೈಫಿಅ್ ಎಂಬವರು ಹಜ್ಜಿನಿಂದ ಎಲ್ಲರಿಗಿಂತ ಮೊದಲು ಮರಳಬೇಕೆಂಬ ಆಸೆಗೆ ದುಬಾರಿ ಒಂಟೆಗಳನ್ನು ಸಾಲದ ಮೇಲೆ ಕೊಳ್ಳುತ್ತಿದ್ದರು, ಕೊನೆಗೆ ದಿವಾಳಿಯಾದರು. ಅವರಿಂದ ಬರಬೇಕಾದದ್ದು ಇರುವವರು ಬೆಳಿಗ್ಗೆ ಬರಲಿ, ಆಸ್ತಿ ಹಂಚುತ್ತೇವೆ ಎಂದು ಉಮರ್(ರ) ಜನರ ಮುಂದೆ ಘೋಷಿಸಿದರು. ಇಂದಿನ ದಿವಾಳಿ ನೋಟಿಸಿನ ಹಾಗೆಯೇ.

ಈ ಘಟನೆಗಳಿಂದ ಫುಖಹಾಗಳು ನಿಯಮಗಳನ್ನು ರೂಪಿಸಿದರು. ಆದರೆ ಒಂದು ಮುಖ್ಯ ವಿಷಯದಲ್ಲಿ ಅವರಲ್ಲೇ ಭಿನ್ನಾಭಿಪ್ರಾಯ ಬಂತು. ಸಾಲಗಾರನ ವ್ಯವಹಾರದ ಹಕ್ಕನ್ನೇ ಖಾಝಿ ತಡೆಹಿಡಿಯಬಹುದೇ? ಇದನ್ನು ‘ಹಜ್ರ್’ ಎನ್ನುತ್ತಾರೆ. ಕೂಫಾದಲ್ಲಿ ಸ್ವತಃ ಬಟ್ಟೆ ವ್ಯಾಪಾರಿಯಾಗಿದ್ದ ಇಮಾಮ್ ಅಬೂ ಹನೀಫಾ (ಮರಣ 767) ಕೂಡದು ಎಂದರು. ಬುದ್ಧಿ ಬಲಿತ ಸ್ವತಂತ್ರ ಮನುಷ್ಯನ ಮಾತಿಗೆ, ಕರಾರಿಗೆ ಬೆಲೆಯಿಲ್ಲ ಎನ್ನುವುದು ಅವನ ಅಹ್ಲಿಯ್ಯತ್ತನ್ನೇ, ಅಂದರೆ ಮನುಷ್ಯನಾಗಿ ವ್ಯವಹರಿಸುವ ಅರ್ಹತೆಯನ್ನೇ ಅಳಿಸಿದಂತೆ ಎಂಬುದು ಅವರ ವಾದ. ಅವರು ಮೆತ್ತಗಿನ ಮನುಷ್ಯ ಎಂದುಕೊಳ್ಳಬೇಡಿ. ಹಣವಿದ್ದೂ ಕೊಡದವನನ್ನು ಜೈಲಿನಲ್ಲಿಡಲು ಅವರ ಒಪ್ಪಿಗೆ ಇತ್ತು. ಅವರ ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್ ಗುರುವಿಗೆ ವಿರುದ್ಧವಾಗಿ ಹಜ್ರ್ ಹೇರಬಹುದು ಎಂದರು. ಇಮಾಮ್ ಶಾಫಿಈ ಅವರ ನಿಲುವೂ ಇದೇ, ಕರಾವಳಿಯ ಓದುಗರಿಗೆ ಇದು ಗೊತ್ತಿರುತ್ತದೆ. ಹನಫೀ ಫತ್ವಾ ಸಹ ಶಿಷ್ಯರ ಅಭಿಪ್ರಾಯದ ಮೇಲೆಯೇ ನಿಂತಿತು.

ಶಿಷ್ಯರು ಕೊಟ್ಟ ಕಾರಣ ನಮ್ಮ ವ್ಯಾಪಾರಿಯ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು. ತಡೆಯದಿದ್ದರೆ ಅವನು ‘ತಲ್ಜಿಅಃ’ ಮಾಡಿ ಸಾಲ ಕೊಟ್ಟವರ ಹಕ್ಕು ಕಳೆಯಬಹುದು ಎಂಬುದು ಅವರ ಭಯ. ತಲ್ಜಿಅಃ ಅಂದರೆ ತೋರಿಕೆಗೆ ಬೇರೆಯವರ ಹೆಸರಿಗೆ ಆಸ್ತಿ ದಾಟಿಸುವುದು, ನಮ್ಮ ಮಾತಿನಲ್ಲಿ ಬೇನಾಮಿ. ಬಾಮೈದನ ಹೆಸರಿನ ಖಾತೆ ಎಂದಾಗ ನನಗೆ ನೆನಪಾದದ್ದು ಇದೇ ಪದ.

ಫರ್ಗಾನಾದ ಮರ್ಗೀನಾನಿನ ಬುರ್ಹಾನುದ್ದೀನ್ (ಮರಣ 1197) ಬರೆದ ‘ಹಿದಾಯಃ’ದಲ್ಲಿ ಇದೆಲ್ಲ ವಿವರವಾಗಿದೆ. ಮದ್ರಸಾದಲ್ಲಿ ಆ ಅಧ್ಯಾಯವನ್ನು ಪರೀಕ್ಷೆಗೆಂದು ಓದಿದ್ದೆ, ಈಗ ಮತ್ತೆ ತೆರೆದಾಗ ಬೇರೆಯೇ ಪುಸ್ತಕದಂತೆ ಕಂಡಿತು. ಖಾಝಿ ಮೊದಲು ನಗದು, ನಂತರ ಸರಕು, ಕೊನೆಗೆ ಮನೆ ಜಮೀನು ಮಾರಬೇಕು. ಮೈಮೇಲಿನ ಬಟ್ಟೆಯ ಒಂದು ಜೊತೆ ಬಿಡಬೇಕು, ತೊಳೆದಾಗ ಉಡಲು ಬೇಕಲ್ಲ, ಎರಡು ಜೊತೆ ಬಿಡಿ ಎಂದವರೂ ಇದ್ದಾರೆ. ಅವನ, ಹೆಂಡತಿಯ, ಚಿಕ್ಕ ಮಕ್ಕಳ ಖರ್ಚು ಅವನ ಆಸ್ತಿಯಿಂದಲೇ ನಡೆಯಬೇಕು. ಹಜ್ರ್ ಅನ್ವಯಿಸುವುದು ಆ ದಿನ ಇದ್ದ ಆಸ್ತಿಗೆ. ಆಮೇಲೆ ದುಡಿದು ತಂದದ್ದರ ಮೇಲೆ ಅವನ ಮಾತು ನಡೆಯುತ್ತದೆ. ಉಸ್ಮಾನಿಯಾ ಸರ್ಕಾರ 1869ರಿಂದ 1876ರ ನಡುವೆ ಹೊರತಂದ ‘ಮಜಲ್ಲಃ’ ಕೂಡ ಇದನ್ನೇ ಕಾನೂನಿನ ಕಲಮುಗಳಾಗಿ ಬರೆಯಿತು.

ಸಾಲ ಕೊಟ್ಟವರಿಗೂ ಹಿದಾಯಃ ಹಕ್ಕು ಕೊಟ್ಟಿದೆ. ಅವರು ಸಾಲಗಾರನ ಹಿಂದೆಯೇ ಓಡಾಡಬಹುದು, ಆದರೆ ಅವನ ವ್ಯಾಪಾರವನ್ನಾಗಲಿ ಪ್ರಯಾಣವನ್ನಾಗಲಿ ತಡೆಯುವಂತಿಲ್ಲ. ಅವನ ಗಳಿಕೆಯಲ್ಲಿ ಖರ್ಚು ಕಳೆದು ಮಿಕ್ಕಿದ್ದನ್ನು ತಮ್ಮ ಪಾಲಿನಂತೆ ಹಂಚಿಕೊಳ್ಳಬೇಕು. ಅವನು ಮನೆಯೊಳಗೆ ಹೋದರೆ ಹಿಂಬಾಲಿಸದೆ ಬಾಗಿಲಲ್ಲಿ ಕೂರಬೇಕು, ಏಕೆಂದರೆ ಮನುಷ್ಯನಿಗೆ ಒಂಟಿಯಾಗಿರಲು ಒಂದು ಜಾಗ ಬೇಕೇ ಬೇಕು. ಸಾಲ ಮಾಡಿದವಳು ಹೆಣ್ಣಾದರೆ ಗಂಡಸು ಅವಳ ಬೆನ್ನು ಬೀಳುವಂತಿಲ್ಲ, ನಂಬಿಕಸ್ಥ ಹೆಂಗಸನ್ನು ಕಳಿಸಬೇಕು. ಮೈಕ್ರೋಫೈನಾನ್ಸ್ ವಸೂಲಿಯವರ ಕಿರುಕುಳ ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ಅಂಥ ಮನೆಗಳ ಹೆಣ್ಣುಮಕ್ಕಳ ಕಣ್ಣೀರು ಕಂಡವರಿಗೆ ಈ ನಿಯಮದ ಬೆಲೆ ಗೊತ್ತು.

ಹಿದಾಯಃ ನಮ್ಮ ದೇಶದ ಕೋರ್ಟುಗಳಿಗೂ ಬಂದಿತ್ತು. ವಾರನ್ ಹೇಸ್ಟಿಂಗ್ಸ್ ಕಾಲದಲ್ಲಿ ಅದನ್ನು ಪಾರ್ಸಿಗೆ ತರಿಸಿ, ಪಾರ್ಸಿಯಿಂದ ಚಾರ್ಲ್ಸ್ ಹ್ಯಾಮಿಲ್ಟನ್ ಮಾಡಿದ ಇಂಗ್ಲಿಷ್ ಅನುವಾದ 1791ರಲ್ಲಿ ಅಚ್ಚಾಯಿತು. ಆದರೆ ದಿವಾಳಿಯ ವಿಷಯದಲ್ಲಿ ಬ್ರಿಟಿಷರು ತಮ್ಮದೇ ಕಾನೂನು ತಂದರು. ಕಲ್ಕತ್ತಾ, ಬೊಂಬಾಯಿ, ಮದರಾಸು ನಗರಗಳಿಗೆ 1909ರ ಕಾಯ್ದೆ, ಉಳಿದ ಪ್ರಾಂತಗಳಿಗೆ 1920ರ ಕಾಯ್ದೆ. 2016ರ ಹೊಸ ದಿವಾಳಿ ಸಂಹಿತೆ ಬಂದರೂ, ವ್ಯಕ್ತಿಗಳ ದಿವಾಳಿಯ ಭಾಗ 2019ರ ಡಿಸೆಂಬರ್ 1ರಿಂದ ಜಾರಿಗೆ ಬಂದದ್ದು ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ಆದ್ದರಿಂದ ನಮ್ಮಂಥ ಊರಿನ ಸಣ್ಣ ವ್ಯಾಪಾರಿಗೆ ಆ ಹಳೆಯ 1920ರ ಕಾಯ್ದೆಯೇ ದಾರಿ.

ಅದರ ಪ್ರಕಾರ ಕೋರ್ಟು ದಿವಾಳಿ ಎಂದು ಘೋಷಿಸಿದೊಡನೆ ಆಸ್ತಿ ಕೋರ್ಟಿಗೆ ಅಥವಾ ರಿಸೀವರ್‌ಗೆ ಸೇರುತ್ತದೆ. ಬಿಡುಗಡೆಯ ಆದೇಶ ಸಿಗುವವರೆಗೆ ಹೊಸದಾಗಿ ಬಂದ ಆಸ್ತಿಯೂ ಸೇರುತ್ತದೆ. ಇಲ್ಲಿ ಅದು ಹಿದಾಯಃಕ್ಕಿಂತ ಬಿಗಿ. ಆದರೆ ಜಪ್ತಿ ಮಾಡಬಾರದ ವಸ್ತುಗಳನ್ನು ಇದರಿಂದ ಹೊರಗಿಟ್ಟಿದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಲ್ಲಿ ಆ ಪಟ್ಟಿ ಇದೆ: ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಕಸುಬಿನ ಸಲಕರಣೆ, ಸಂಬಳದಲ್ಲಿ ಮೊದಲ 1000 ರೂಪಾಯಿ ಮತ್ತು ಉಳಿದದ್ದರ ಮೂರನೇ ಎರಡು ಭಾಗ. ಮರ್ಗೀನಾನಿಯವರ ಎರಡು ಜೊತೆ ಬಟ್ಟೆ ನೆನಪಾಗದೆ ಇರಲಿಲ್ಲ. ಕೊಡಲು ನಿಜವಾಗಿ ಇಲ್ಲದವನನ್ನು ಸಾಲಕ್ಕಾಗಿ ಜೈಲಿಗೆ ಹಾಕಕೂಡದು ಎಂದು ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ತೀರ್ಪು ಕೊಟ್ಟರು. ಅಲ್ಲಿ ಸಾಲ ಕೊಟ್ಟದ್ದೂ ಒಂದು ಬ್ಯಾಂಕೇ.

ಇನ್ನು ಖಾತೆಯ ವಿಷಯ. ಹಝ್ರತ್ ಝುಬೈರ್(ರ) ಅವರ ಬಳಿ ಜನ ಹಣ ಇಡಲು ಬಂದರೆ, ಅಮಾನತ್ ಆಗಿ ಬೇಡ, ಸಾಲವಾಗಿ ಕೊಡಿ, ಕಳೆದುಹೋದೀತು ಎಂದು ನನಗೆ ಭಯ ಎನ್ನುತ್ತಿದ್ದರೆಂದು ಬುಖಾರಿಯಲ್ಲಿದೆ. ಬ್ಯಾಂಕಿನಲ್ಲಿ ಇಟ್ಟ ಹಣವೂ ಹಾಗೆಯೇ, ನಾವು ಬ್ಯಾಂಕಿಗೆ ಕೊಟ್ಟ ಸಾಲ. ಹಾಗಾಗಿ ಸಾಲ ಕೊಟ್ಟ ಬ್ಯಾಂಕಿನಲ್ಲೇ ಹಣ ಹಾಕಿದರೆ ಎರಡು ಸಾಲಗಳು ಎದುರುಬದುರಾಗಿ, ಬ್ಯಾಂಕ್ ಒಂದನ್ನು ಇನ್ನೊಂದಕ್ಕೆ ವಜಾ ಮಾಡಿಕೊಳ್ಳುತ್ತದೆ. 1872ರ ಕರಾರು ಕಾಯ್ದೆಯ 171ನೇ ಕಲಮು ಕೂಡ ಬಾಕಿಗಾಗಿ ಗ್ರಾಹಕನ ಸೊತ್ತು ಹಿಡಿದಿಡುವ ಹಕ್ಕನ್ನು ಬ್ಯಾಂಕುಗಳಿಗೆ ಕೊಟ್ಟಿದೆ. ನಮ್ಮ ಝಕಾತ್ ಹಣ ಹೋದದ್ದು ಹೀಗೆ. ನಾನು ಮೊದಲೇ ಕೇಳಬೇಕಿತ್ತು.

ಹೊಸ ಉಳಿತಾಯ ಖಾತೆ ತೆರೆಯುವುದು ಸಾಲ ಪಡೆಯುವುದಲ್ಲ. ಬಿಡುಗಡೆಯಾಗದ ದಿವಾಳಿ ತನ್ನ ಸ್ಥಿತಿ ತಿಳಿಸದೆ 50 ರೂಪಾಯಿ ಅಥವಾ ಹೆಚ್ಚು ಸಾಲ ಪಡೆದರೆ 1920ರ ಕಾಯ್ದೆಯಲ್ಲಿ ಅಪರಾಧ. ಜನಧನ್ ಖಾತೆಯ ಓವರ್‌ಡ್ರಾಫ್ಟ್ ಮುಟ್ಟುವ ಮುನ್ನ ಇದು ನೆನಪಿರಬೇಕು. ದಿವಾಳಿ ಅರ್ಜಿಗೆ ಹಿಂದಿನ ಎರಡು ವರ್ಷದೊಳಗೆ ಪುಕ್ಕಟೆಯಾಗಿ ಬೇರೆಯವರಿಗೆ ದಾಟಿಸಿದ ಆಸ್ತಿಯನ್ನು ಕೋರ್ಟು ರದ್ದು ಮಾಡಬಹುದು. ಬಾಮೈದನೂ ಆಗ ಕಟಕಟೆಗೆ ಬರಬೇಕಾದೀತು.

ನಾಲ್ಕನೇ ದಿನ ಅಸರ್ ನಂತರ ಅವರಿಗೆ ಇಷ್ಟನ್ನೂ ಹೇಳಿದೆ. ಸಾಲವಿಲ್ಲದ ಬೇರೆ ಬ್ಯಾಂಕಿನಲ್ಲಿ ಅವರ ಹೆಸರಲ್ಲೇ ಸಾದಾ ಉಳಿತಾಯ ಖಾತೆ ತೆರೆದರು. ಕಮಿಟಿ ಎರಡನೇ ಸಲ ರೇಷನ್ ಹಣವನ್ನು ಅಲ್ಲಿಗೆ ಹಾಕಿತು, ಈ ಸಲ ಹಾಕುವ ಮೊದಲು ನಾನೇ ಪಾಸ್‌ಬುಕ್ ನೋಡಿದೆ. ಅವರು ಈಗ ಬೇರೊಬ್ಬರ ಅಂಗಡಿಯಲ್ಲಿ ಸಂಬಳಕ್ಕೆ ನಿಂತಿದ್ದಾರೆ. ವಕೀಲರ ಬಳಿ ಆಸ್ತಿಯ ಪಟ್ಟಿ ಬರೆಸುವಾಗ ಹೊಲಿಗೆ ಯಂತ್ರ, ಎರಡು ಕಪಾಟು, ಹಳೆಯ ಸ್ಕೂಟರ್ ಆದ ಮೇಲೆ ಹೊಸ ಖಾತೆಯ ನಂಬರನ್ನೂ ಅವರೇ ಹೇಳಿ ಬರೆಸಿದರು.